ಬ್ಯಾಲೆ ಶೂ ಮೇಲೊಂದು ಪ್ರಬಂಧ

ಗುಲಾಬಿ ಬಣ್ಣದ ಎರಡು ಬ್ಯಾಲೆ ಶೂ. ಅವುಗಳ ಮೈಮೇಲೆಲ್ಲ ಕೈಬರಹದ ಸಾಲುಗಳು. ಹತ್ತಿರ ಹೋಗಿ ಓದಿದರೆ ಅದು ಅಲಂಕಾರವಲ್ಲ, ಆಟೋಗ್ರಾಫೂ ಅಲ್ಲ. ಅಮೆರಿಕದ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಬರವಣಿಗೆ ತರಗತಿಗಾಗಿ ಸಿದ್ಧಪಡಿಸಿದ ಸಂಶೋಧನಾ ಪ್ರಬಂಧ. ಹಾಳೆಯ ಬದಲು ಶೂ ಮೇಲೆ ಬರೆದು ಒಪ್ಪಿಸಿದ್ದಳು.

ಅವಳಿಗೆ ಪಾಠ ಹೇಳಿದ್ದವರು ಜೋಡಿ ಶಿಪ್ಕಾ. ಮುಂದೊಮ್ಮೆ ಸಹೋದ್ಯೋಗಿಗಳ ಎದುರು ಅವರು ಈ ಶೂಗಳ ಚಿತ್ರ ತೋರಿಸಿದಾಗ ಸಭಿಕರೊಬ್ಬರು, ಅಡಿಟಿಪ್ಪಣಿಗಳನ್ನು ಎಲ್ಲಿ ಹಾಕಿದಳು, ಅಂಗಿಯ ಮೇಲೋ ಎಂದು ಕುಟುಕಿದರಂತೆ. ಕನ್ನಡದವರು ಯಾರಾದರೂ ಅಲ್ಲಿದ್ದಿದ್ದರೆ, 'ಅಡಿ'ಟಿಪ್ಪಣಿಗೆ ಶೂಗಿಂತ ಒಳ್ಳೆಯ ಜಾಗ ಯಾವುದಿದೆ ಎಂದು ತಿರುಗೇಟು ಕೊಡುತ್ತಿದ್ದರೇನೋ. ಶಿಪ್ಕಾ 2011ರಲ್ಲಿ ತಂದ ತಮ್ಮ ಪುಸ್ತಕವನ್ನು ಈ ಪ್ರಸಂಗದಿಂದಲೇ ಶುರು ಮಾಡಿದರು. ಕುಟುಕಿದ ಆ ಮಾತಿನ ಹಿಂದೆ ಇದ್ದ ಸಂಶಯ ನಿಜವಾದದ್ದೇ: ಬರೆಯುವುದನ್ನು ಕಲಿಸಬೇಕಾದ ತರಗತಿಯಲ್ಲಿ ಕುಸುರಿ ಕೆಲಸ ಯಾಕೆ? ಚಿತ್ರ ಅಂಟಿಸಿ, ಹಾಡು ಹಾಕಿ, ಬಣ್ಣ ಬಳಿದು ತಂದರೆ ಬರವಣಿಗೆ ಬಂದಂತಾಯಿತೇ?

ಪ್ರಾಜೆಕ್ಟು, ಚಾರ್ಟು, ಥರ್ಮಾಕೋಲುಗಳ ಕಾಟ ಕಂಡ ಕರ್ನಾಟಕದ ಅಪ್ಪ ಅಮ್ಮಂದಿರಿಗೆ ಈ ಪ್ರಶ್ನೆ ಚೆನ್ನಾಗಿಯೇ ಅರ್ಥವಾದೀತು. ಭಾನುವಾರ ರಾತ್ರಿ ಒಂಬತ್ತಕ್ಕೆ, 'ಅಮ್ಮಾ, ನಾಳೆ ಪ್ರಾಜೆಕ್ಟ್ ಕೊಡಬೇಕು' ಎಂಬ ಮಾತು ಕೇಳದ ಮನೆ ಯಾವುದಿದೆ?

ಆದರೆ ಶಿಪ್ಕಾ ತರಗತಿಯ ಕಥೆ ಶೂ ಒಪ್ಪಿಸಿದಲ್ಲಿಗೆ ಮುಗಿಯುತ್ತಿರಲಿಲ್ಲ. ಏನನ್ನಾದರೂ ತನ್ನಿ, ಹೇಗಾದರೂ ತನ್ನಿ, ಆದರೆ ಜೊತೆಗೊಂದು ಸವಿವರ ಬರಹ ತರಲೇಬೇಕು ಎಂಬುದು ಅವರ ಕರಾರು. ಅದರಲ್ಲಿ ವಿದ್ಯಾರ್ಥಿ ತಾನು ಸಾಧಿಸಲು ಹೊರಟಿದ್ದೇನು, ಅದಕ್ಕೆ ಈ ವಸ್ತುವನ್ನೇ ಈ ರೂಪವನ್ನೇ ಯಾಕೆ ಆರಿಸಿಕೊಂಡೆ, ಬೇರೆ ದಾರಿ ಹಿಡಿದಿದ್ದರೆ ಏನಾಗುತ್ತಿತ್ತು ಎಂದು ಲೆಕ್ಕ ಒಪ್ಪಿಸಬೇಕು. ಶೂ ಎಲ್ಲರ ಕಣ್ಣಿಗೆ ಬಿತ್ತು. ಬರವಣಿಗೆಯ ಪಾಠ ಅಡಗಿದ್ದದ್ದು ಮಾತ್ರ ಆ ಲೆಕ್ಕದ ಹಾಳೆಗಳಲ್ಲಿ.

ಪದ, ಚಿತ್ರ, ಧ್ವನಿ, ನಕ್ಷೆ, ವಿಡಿಯೊಗಳನ್ನು ಕೂಡಿಸಿ ಒಂದು ವಿಷಯ ಹೇಳುವುದಕ್ಕೆ ಶಿಕ್ಷಣ ಕ್ಷೇತ್ರದವರು ಇಟ್ಟ ಹೆಸರು ಮಲ್ಟಿಮೋಡಲ್. ಕನ್ನಡದಲ್ಲಿ ಬಹುಮಾಧ್ಯಮ ಬರವಣಿಗೆ ಎನ್ನಬಹುದು. ಈ ಚಿಂತನೆಗೆ ಒಂದು ಹುಟ್ಟೂರೂ ಇದೆ. 1994ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ನ್ಯೂ ಲಂಡನ್ ಎಂಬ ಪುಟ್ಟ ಊರಿನಲ್ಲಿ ಹತ್ತು ಮಂದಿ ಭಾಷಾ ಮತ್ತು ಶಿಕ್ಷಣ ತಜ್ಞರು ಸೇರಿದರು. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಿಂದ ಬಂದವರು. ಓದು ಬರಹ ಎಂದರೆ ಅಕ್ಷರ ಮಾತ್ರ ಎಂದು ಇನ್ನೆಷ್ಟು ದಿನ ಕಲಿಸುತ್ತ ಕೂರುವುದು ಎಂಬುದು ಅವರ ಚರ್ಚೆ. ಊರಿನ ಹೆಸರನ್ನೇ ತಮ್ಮ ಗುಂಪಿಗೆ ಇಟ್ಟುಕೊಂಡು 1996ರಲ್ಲಿ ಒಂದು ದೀರ್ಘ ಪ್ರಬಂಧ ಪ್ರಕಟಿಸಿದರು. ಭಾಷೆ, ದೃಶ್ಯ, ಶ್ರವಣ, ಹಾವಭಾವ, ಸ್ಥಳವಿನ್ಯಾಸ ಎಂಬ ಐದು ಬಗೆಯಲ್ಲಿ ಮನುಷ್ಯರು ಅರ್ಥ ಕಟ್ಟುತ್ತಾರೆ, ಶಾಲೆ ಐದನ್ನೂ ಗಮನಿಸಬೇಕು ಎಂದು ಅದರಲ್ಲಿ ವಾದಿಸಿದರು. ಅಂತರ್ಜಾಲ ಆಗಷ್ಟೇ ಕಣ್ಣು ಬಿಡುತ್ತಿದ್ದ ಕಾಲ ಅದು.

ಆ ಹತ್ತು ಮಂದಿಯಲ್ಲಿ ಒಬ್ಬರು ಗುಂಥರ್ ಕ್ರೆಸ್. ಅವರ ಸಿದ್ಧಾಂತ ಓದಲು ಕಬ್ಬಿಣದ ಕಡಲೆ, ಆದರೆ ಅದಕ್ಕೆ ಅವರು ಕೊಡುವ ಉದಾಹರಣೆ ಯಾವ ಮನೆಯಲ್ಲೂ ಕಾಣಸಿಗುವಂಥದ್ದು. ಮೂರು ವರ್ಷದ ಮಗುವೊಂದು ಅಪ್ಪನ ತೊಡೆಯ ಮೇಲೆ ಕೂತು ಕಾಗದದ ಮೇಲೆ ವೃತ್ತ ಎಳೆಯುತ್ತದೆ. ಇಲ್ಲೆರಡು ಚಕ್ರ, ಹಿಂದೆರಡು ಚಕ್ರ ಎಂದು ಹೇಳಿಕೊಳ್ಳುತ್ತಲೇ ಇನ್ನಷ್ಟು ವೃತ್ತಗಳನ್ನು ಎಳೆದು, ಕೊನೆಗೆ ಇದು ಕಾರು ಎಂದು ಘೋಷಿಸುತ್ತದೆ. ದೊಡ್ಡವರ ಕಣ್ಣಿಗೆ ಕಾಣುವುದು ಸೊಟ್ಟ ಸೊನ್ನೆಗಳು. ಮಗುವಿನ ಎತ್ತರದಿಂದ ನೋಡಿದರೆ ಕಾರಿನಲ್ಲಿ ಎದ್ದು ಕಾಣುವುದು ಚಕ್ರಗಳೇ, ಚಕ್ರ ಬರೆಯಲು ವೃತ್ತವೇ ಸರಿ. ಕೈಗೆ ಸಿಕ್ಕ ಗುರುತುಗಳಲ್ಲಿ ಹೇಳಬೇಕಾದ್ದಕ್ಕೆ ಹೊಂದುವುದನ್ನು ಮಗು ಆರಿಸಿಕೊಂಡಿದೆ. ಬರೆಯುವವರು ಮಾಡುವ ಕೆಲಸವೂ ಇದೇ ಎನ್ನುತ್ತಾರೆ ಕ್ರೆಸ್.

ಅಮೆರಿಕದ ಬರವಣಿಗೆ ಬೋಧಕರ ಬಳಗದಲ್ಲಿ ಈ ವಿಚಾರಕ್ಕೆ ದೊಡ್ಡ ವೇದಿಕೆ ಸಿಕ್ಕಿದ್ದು 2004ರ ಮಾರ್ಚ್‌ನಲ್ಲಿ. ಟೆಕ್ಸಾಸಿನ ಸ್ಯಾನ್ ಆಂಟೋನಿಯೊದಲ್ಲಿ ಕಾಲೇಜು ಬರವಣಿಗೆ ಶಿಕ್ಷಕರ ವಾರ್ಷಿಕ ಸಮ್ಮೇಳನ ನಡೆದಿತ್ತು. ಅಧ್ಯಕ್ಷೆ ಕ್ಯಾಥ್ಲೀನ್ ಬ್ಲೇಕ್ ಯಾನ್ಸಿ ಭಾಷಣಕ್ಕೆ ನಿಂತಾಗ ಎಡಬಲದಲ್ಲಿ ಎರಡು ಪರದೆಗಳು. ಮಾತಿನ ಜೊತೆಗೆ ಅವುಗಳಲ್ಲಿ ಒಟ್ಟು 84 ಸ್ಲೈಡುಗಳು ಸರಿದುಹೋದವು. ಹುಡುಗರು ತರಗತಿಯ ಹೊರಗೆ ಯಾರೂ ಹೇಳದೆ, ಯಾರೂ ಅಂಕ ಕೊಡದೆ, ಪರದೆಗಳ ಮೇಲೆ ಎಷ್ಟೋ ಬರೆಯುತ್ತಿದ್ದಾರೆ. ತರಗತಿಯ ಬರವಣಿಗೆ ಮಾತ್ರ ಮೇಷ್ಟರಿಗೆ ಬರೆದು ಮೇಷ್ಟರಿಂದ ಅಂಕ ಪಡೆಯುವಲ್ಲಿಗೆ ನಿಂತಿದೆ ಎಂಬುದು ಅವರ ಮಾತಿನ ತಿರುಳು. ಫೇಸ್‌ಬುಕ್ ಹುಟ್ಟಿ ಆಗಿನ್ನೂ ಒಂದೆರಡು ತಿಂಗಳಾಗಿತ್ತು.

ಯಾನ್ಸಿ ಹೆಸರು ಅದಕ್ಕೂ ಮೊದಲೇ ಬೇರೊಂದು ಕಾರಣಕ್ಕೆ ಪರಿಚಿತವಾಗಿತ್ತು. 1992ರಲ್ಲಿ ಅವರು ಬರವಣಿಗೆ ತರಗತಿಯ ಪೋರ್ಟ್‌ಫೋಲಿಯೊ ಬಗ್ಗೆ ಪುಸ್ತಕವೊಂದನ್ನು ಸಂಪಾದಿಸಿದ್ದರು. ಕರ್ನಾಟಕದ ಶಿಕ್ಷಕರಿಗೆ ಅದು ಗೊತ್ತಿರುವುದು ಕೃತಿಸಂಪುಟ ಎಂಬ ಹೆಸರಿನಲ್ಲಿ. ಚಿತ್ರಕಾರರು, ವಾಸ್ತುಶಿಲ್ಪಿಗಳು ತಮ್ಮ ಕೆಲಸದ ಮಾದರಿಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಗಿರಾಕಿಗೆ ತೋರಿಸುತ್ತಿದ್ದ ಪದ್ಧತಿ ಶಾಲೆಗೆ ಬಂದು ಕೃತಿಸಂಪುಟವಾಯಿತು. ಬಂದದ್ದು ಪರೀಕ್ಷೆಯ ಮೇಲಿನ ಸಿಟ್ಟಿನಿಂದ.

ಆ ಸಿಟ್ಟಿನ ಕಥೆ ಸ್ವಲ್ಪ ನಿಧಾನವಾಗಿ ಹೇಳಬೇಕಾದ್ದು. ಪೀಟರ್ ಎಲ್ಬೊ ಎಂಬ ಇಂಗ್ಲಿಷ್ ಮೇಷ್ಟರು ತಮ್ಮ ಯೌವನದಲ್ಲಿ ಬರೆಯಲಾಗದೆ ಸೋತವರು. ಹಾರ್ವರ್ಡ್‌ಗೆ ಪಿಎಚ್‌.ಡಿ.ಗೆ ಸೇರಿ, ಪ್ರಬಂಧಗಳನ್ನು ಬರೆದು ಮುಗಿಸಲಾರದೆ ಅರ್ಧಕ್ಕೇ ಬಿಟ್ಟರು. ಎಷ್ಟೋ ವರ್ಷದ ನಂತರ ಬ್ರಾಂಡೈಸ್ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದರು. ತಾನು ಯಾಕೆ ಬರೆಯಲಾರೆ ಎಂದು ತನಗೇ ಬರೆದುಕೊಂಡ ಚೀಟಿಗಳಿಂದ 1973ರಲ್ಲಿ 'ರೈಟಿಂಗ್ ವಿದೌಟ್ ಟೀಚರ್ಸ್' ಪುಸ್ತಕ ಹುಟ್ಟಿತು. ಇಂಥವರು 1980ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದಲ್ಲಿ ಬರವಣಿಗೆ ವಿಭಾಗ ನೋಡಿಕೊಳ್ಳುತ್ತಿದ್ದಾಗ, ವಿದ್ಯಾರ್ಥಿಗಳ ಬರವಣಿಗೆಯ ಯೋಗ್ಯತೆ ಅಳೆಯಲು ಅಲ್ಲೊಂದು ಪರೀಕ್ಷೆ ಇತ್ತು. ಕೊಠಡಿಗೆ ಬಂದು, ಗೊತ್ತಿಲ್ಲದ ವಿಷಯದ ಮೇಲೆ, ಗಡಿಯಾರ ನೋಡುತ್ತ ಒಂದು ಪ್ರಬಂಧ ಬರೆಯುವುದು. ಒಬ್ಬರು ಹೇಗೆ ಬರೆಯುತ್ತಾರೆ ಎಂದು ಒಂದೇ ಬರಹದಿಂದ, ಅದೂ ತಿದ್ದಲು ಬಿಡದ ಬರಹದಿಂದ, ಹೇಗೆ ಗೊತ್ತಾಗುತ್ತದೆ ಎಂದು ಎಲ್ಬೊ ಮತ್ತು ಸಹೋದ್ಯೋಗಿ ಪ್ಯಾಟ್ ಬೆಲನಾಫ್ ಕೇಳಿದರು. ಪರೀಕ್ಷೆಯನ್ನು ತೆಗೆದು ಬರಹಗಳ ಕಡತ, ಅಂದರೆ ಪೋರ್ಟ್‌ಫೋಲಿಯೊ ತಂದರು.

ಕಡತದಲ್ಲಿ ನಾಲ್ಕು ಬರಹ. ಮೂರು ಬೇರೆ ಬೇರೆ ಬಗೆಯವು, ಮತ್ತೆ ಮತ್ತೆ ತಿದ್ದಿ ಬರೆದವು: ಒಂದು ಅನುಭವ ಕಥನ, ಒಂದು ವಾದ ಮಂಡಿಸುವ ಪ್ರಬಂಧ, ಇನ್ನೊಂದು ಬೇರೆಯವರ ಬರಹದ ವಿಶ್ಲೇಷಣೆ. ನಾಲ್ಕನೆಯದು ತರಗತಿಯಲ್ಲೇ ಕೂತು, ಯಾರ ನೆರವೂ ಇಲ್ಲದೆ ಬರೆದದ್ದು. ತಿದ್ದಿದ ಪ್ರತಿ ಬರಹದ ಜೊತೆ ಒಂದು ಚಿಕ್ಕ ಟಿಪ್ಪಣಿ ಇರಬೇಕು: ಇದನ್ನು ಹೇಗೆ ಬರೆದೆ, ಯಾರ ಸಹಾಯ ಸಿಕ್ಕಿತು. ಸೆಮಿಸ್ಟರಿನ ಮಧ್ಯೆ ಒಂದು ಪೂರ್ವಾಭ್ಯಾಸವೂ ಇತ್ತು. ಆಗ ಫೇಲಾದರೆ ಲೆಕ್ಕಕ್ಕಿಲ್ಲ.

ಇಲ್ಲೊಂದು ಜಾಣತನದ ಏರ್ಪಾಡು ಇತ್ತು. ಕಡತ ಓದಿ ಪಾಸು ಫೇಲು ಹೇಳುವವರು ಪಾಠ ಮಾಡಿದ ಮೇಷ್ಟರಲ್ಲ, ಪಕ್ಕದ ತರಗತಿಯವರು. ಹಾಗಾದ ಕೂಡಲೇ ತರಗತಿಯ ಮೇಷ್ಟರ ಪಾತ್ರ ಬದಲಾಯಿತು. ಅದುವರೆಗೆ ಅಂಪೈರ್ ಆಗಿದ್ದವರು ಈಗ ಕೋಚ್. ಹೊರಗಿನವರು ಓದುವಾಗ ಇಲ್ಲಿ ಎಡವುತ್ತಾರೆ, ಸರಿ ಮಾಡು ಎಂದರೆ ವಿದ್ಯಾರ್ಥಿಗೂ ಅದು ಹಗೆಯ ಮಾತಾಗಿ ಕೇಳದು. ಶಿಕ್ಷಕರೆಲ್ಲ ಆಗಾಗ ಒಟ್ಟಿಗೆ ಕೂತು ಮಾದರಿ ಕಡತಗಳನ್ನು ಓದಿ, ಇದು ಪಾಸೋ ಫೇಲೋ ಎಂದು ಜಗಳವಾಡಬೇಕಿತ್ತು. ಒಂದೇ ಬರಹದ ಬಗ್ಗೆ ತಮ್ಮತಮ್ಮಲ್ಲೇ ಎಷ್ಟು ಭಿನ್ನಾಭಿಪ್ರಾಯ ಇದೆ ಎಂದು ಗೊತ್ತಾಗಿ ಮೇಷ್ಟರುಗಳೇ ಕಂಗಾಲಾದರು. ಇದನ್ನೆಲ್ಲ ಎಲ್ಬೊ ಮತ್ತು ಬೆಲನಾಫ್ 1986ರಲ್ಲಿ ಬರೆದು ಪ್ರಕಟಿಸಿದ ಮೇಲೆ ದೇಶದ ಎಷ್ಟೋ ಕಾಲೇಜುಗಳು ಇದೇ ದಾರಿ ಹಿಡಿದವು.

ಎಲ್ಬೊ ಅವರ ಕಡತ, ಶಿಪ್ಕಾ ಅವರ ಶೂ ಎರಡೂ ಬೇರೆ ಬೇರೆ ಬೇರಿನಿಂದ ಬಂದವು. ಆದರೂ ಎರಡರಲ್ಲೂ ಇರುವ ಆ ಸಣ್ಣ ಟಿಪ್ಪಣಿಯನ್ನು ಗಮನಿಸಬೇಕು. ಹೀಗೆ ಯಾಕೆ ಮಾಡಿದೆ ಎಂದು ವಿದ್ಯಾರ್ಥಿ ಬಾಯಿಬಿಟ್ಟು ಹೇಳುವ ಜಾಗ ಅದು. ಅದನ್ನು ತೆಗೆದುಬಿಟ್ಟರೆ ಮೊದಲನೆಯದು ಹಾಳೆಗಳ ಕಟ್ಟು, ಎರಡನೆಯದು ಕರಕುಶಲ ವಸ್ತು.

ಈ ಎರಡೂ ಸೇರಿದರೆ ತರಗತಿಯಲ್ಲಿ ಹೇಗಿರುತ್ತದೆ? ಕೋಲಾರದ ಕಡೆಯ ಒಂದು ಹೈಸ್ಕೂಲನ್ನು ಊಹಿಸಿಕೊಳ್ಳಿ. ಒಂಬತ್ತನೇ ತರಗತಿ, ಪ್ರಬಂಧದ ವಿಷಯ 'ನಮ್ಮ ಊರಿನ ಕೆರೆ'. ಹುಡುಗಿಯೊಬ್ಬಳ ಮೊದಲ ಕರಡು ಹೀಗೆ ಶುರುವಾಗುತ್ತದೆ: 'ನಮ್ಮ ಊರಿನ ಕೆರೆಯು ಬಹಳ ಸುಂದರವಾಗಿದೆ. ಕೆರೆಯಿಂದ ನಮಗೆ ಅನೇಕ ಉಪಯೋಗಗಳಿವೆ. ಕೆರೆಯನ್ನು ಸ್ವಚ್ಛವಾಗಿಡುವುದು ನಮ್ಮೆಲ್ಲರ ಕರ್ತವ್ಯ.' ಕಾಗುಣಿತ ತಪ್ಪಿಲ್ಲ, ಅಂಕವೂ ಬರುತ್ತದೆ. ಆದರೆ ಕರ್ನಾಟಕದ ಯಾವ ಕೆರೆಗಾದರೂ ಸಲ್ಲುವ ಸಾಲುಗಳು ಇವು, ಕೆರೆಯನ್ನೇ ನೋಡದವರೂ ಬರೆಯಬಹುದು.

ಮೇಷ್ಟರು ಕೆಂಪು ಶಾಯಿ ತೆಗೆಯುವುದಿಲ್ಲ. ಕೆರೆಯ ನಕ್ಷೆ ಬರೆದುಕೊಂಡು ಬಾ ಎನ್ನುತ್ತಾರೆ. ನಕ್ಷೆ ಬರೆಯಲು ಕೂತಾಗ ತೊಂದರೆ ಶುರು: ನಕ್ಷೆಗೆ ಹೆಸರುಗಳು ಬೇಕು. ನೀರು ತಡೆದು ನಿಂತ ಮಣ್ಣಿನ ದಿಬ್ಬ ಏರಿ. ಗದ್ದೆಗೆ ನೀರು ಬಿಡುವ ಕಂಡಿ ತೂಬು. ತುಂಬಿದ ಕೆರೆಯ ಹೆಚ್ಚಿನ ನೀರು ಹೊರಹೋಗುವ ಜಾಗ ಕೋಡಿ. ಕೆಳಗೆ ನೀರುಣ್ಣುವ ಜಮೀನೆಲ್ಲ ಅಚ್ಚುಕಟ್ಟು. ಇಷ್ಟು ಹೆಸರು ಕೇಳಲು ಅವಳು ಅಜ್ಜಿಯ ಹತ್ತಿರ ಹೋಗುತ್ತಾಳೆ. ಅಜ್ಜಿ, ಹಿಂದೆ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಯಾಗಿದ್ದ ತಾತನ ಮನೆ ತೋರಿಸುತ್ತಾರೆ. ಅಪ್ಪನ ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ ಹುಡುಗಿ ಕೇಳುತ್ತಾಳೆ, 'ತಾತ, ತೂಬು ಯಾವಾಗ ಎತ್ತುತಾ ಇದ್ರಿ?' ತಾತ ಹೇಳುತ್ತಾರೆ, 'ಊರೆಲ್ಲ ಒಪ್ಬೇಕಮ್ಮ. ನಾನೊಬ್ನೇ ಎತ್ತಂಗಿಲ್ಲ.'

ಈ ಎರಡು ವಾಕ್ಯವನ್ನು ಕಾಗದಕ್ಕೆ ಇಳಿಸುವಾಗ ನಿಜವಾದ ವ್ಯಾಕರಣ ಪಾಠ ನಡೆಯುತ್ತದೆ. 'ಎತ್ತಂಗಿಲ್ಲ' ಎಂದು ಬರೆಯುವುದೋ, 'ಎತ್ತುವ ಹಾಗಿಲ್ಲ' ಎಂದು ತಿದ್ದುವುದೋ? ಪುಸ್ತಕದ ಕನ್ನಡಕ್ಕೆ ತಿದ್ದಿ ಓದಿದರೆ ತಾತ ಮಾಯವಾಗುತ್ತಾರೆ. ಹಾಗೇ ಬಿಟ್ಟರೆ ಪರವೂರಿನ ಓದುಗರಿಗೆ ತೊಡಕು. ತಾತನ ಮಾತನ್ನು ಉದ್ಧರಣೆಯ ಒಳಗೆ ಹಾಗೇ ಇಟ್ಟು, ತನ್ನ ವಾಕ್ಯಗಳನ್ನು ಶಿಷ್ಟ ಕನ್ನಡದಲ್ಲಿ ಬರೆದು ಅವಳು ದಾರಿ ಕಂಡುಕೊಳ್ಳುತ್ತಾಳೆ. ಕೋಡಿಯ ಫೋಟೊವನ್ನೂ ತೆಗೆದಿದ್ದಾಳೆ. ಅದರ ಮೇಲೆ ಜಾಲಿ ಬೆಳೆದಿರುವುದನ್ನು ಫೋಟೊ ತೋರಿಸುತ್ತದೆ; ಕೆರೆ ಕೋಡಿ ಹರಿದು ಎಷ್ಟು ವರ್ಷವಾಯಿತು ಎಂಬುದನ್ನು ಫೋಟೊ ಹೇಳದು. ಅದಕ್ಕೆ ಒಂದು ವಾಕ್ಯ ಬೇಕು. ಯಾವ ಕೆಲಸ ಚಿತ್ರದ್ದು, ಯಾವುದು ಪದದ್ದು, ಯಾವುದು ದನಿಯದ್ದು ಎಂಬ ವಿವೇಚನೆ ಎಂದರೆ ಇಷ್ಟೇ. ಎರಡನೇ ಕರಡಿನ ಮೊದಲ ಸಾಲು: 'ನಮ್ಮೂರ ಕೆರೆಯ ತೂಬನ್ನು ಒಬ್ಬರೇ ಎತ್ತುವ ಹಾಗಿರಲಿಲ್ಲ.'

ಕೃತಿಸಂಪುಟಕ್ಕೆ ಎರಡೂ ಕರಡು ಹೋಗಬೇಕು. ನಕ್ಷೆ, ಫೋಟೊ, ರೆಕಾರ್ಡಿಂಗಿನ ಬರಹರೂಪ, ಕೊನೆಗೆ ಅರ್ಧ ಪುಟದ ಟಿಪ್ಪಣಿ: 'ಮೊದಲ ಪ್ರಬಂಧದಲ್ಲಿ ಕೆರೆಯ ಉಪಯೋಗ ಬರೆದಿದ್ದೆ. ಈಗ ತೂಬಿನಿಂದ ಶುರು ಮಾಡಿದ್ದೇನೆ, ಯಾಕೆಂದರೆ...' ಈ 'ಯಾಕೆಂದರೆ' ಮುಂದೆ ಅವಳು ಏನು ಬರೆಯುತ್ತಾಳೆ ಎಂಬುದಕ್ಕೆ ಗೈಡಿನಲ್ಲಿ ಸಿದ್ಧ ಉತ್ತರ ಸಿಗದು.

ಇದಕ್ಕೆಲ್ಲ ದುಬಾರಿ ಸಲಕರಣೆ ಬೇಕೆಂಬುದು ತಪ್ಪು ಕಲ್ಪನೆ. ಕ್ಯಾಲಿಫೋರ್ನಿಯಾದಲ್ಲಿ ಜೋ ಲ್ಯಾಂಬರ್ಟ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಶುರು ಮಾಡಿದ 'ಡಿಜಿಟಲ್ ಸ್ಟೋರಿಟೆಲಿಂಗ್' ಶಿಬಿರಗಳಲ್ಲಿ ಜನಸಾಮಾನ್ಯರು ಎರಡು ಮೂರು ನಿಮಿಷದ ಪುಟ್ಟ ಚಿತ್ರ ಮಾಡುತ್ತಾರೆ: ತಮ್ಮದೇ ದನಿ, ಮನೆಯ ಆಲ್ಬಮ್ಮಿನ ಹಳೆಯ ಫೋಟೊಗಳು. ಚಿತ್ರ ಜೋಡಿಸುವುದಕ್ಕೆ ಮುಂಚೆ ಎಲ್ಲರೂ ಸುತ್ತ ಕೂತು ಕಥೆ ಹೇಳಿಕೊಳ್ಳಬೇಕು, ಬರೆದದ್ದನ್ನು ಓದಬೇಕು, ಉಳಿದವರು ಕೇಳಬೇಕು. ಎರಡು ನಿಮಿಷಕ್ಕೆ ಹಿಡಿಸುವುದು ಸುಮಾರು 250 ಪದ. ಎಂಟು ಪುಟ ಬರೆದು ತಂದವರು ಅದನ್ನು ಒಂದು ಪುಟಕ್ಕೆ ಇಳಿಸುವಾಗ ಪಡುವ ಪಾಡಿಗಿಂತ ಒಳ್ಳೆಯ ಸಂಕ್ಷೇಪ ಪಾಠ ಬೇರೆ ಸಿಗಲಿಕ್ಕಿಲ್ಲ. ಬರೆದದ್ದನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿ ಕೇಳಿಸಿಕೊಂಡರೆ, ಉಸಿರು ಕಟ್ಟುವ ವಾಕ್ಯ ಯಾವುದೆಂದು ಯಾವ ಮೇಷ್ಟರೂ ಹೇಳಬೇಕಾಗಿಲ್ಲ.

ಅಂದಹಾಗೆ ಕರ್ನಾಟಕದ ಶಾಲಾ ಕಾಲೇಜುಗಳಲ್ಲಿ ಭಿತ್ತಿಪತ್ರಿಕೆ ಎಂಬುದೊಂದಿತ್ತು, ಕೆಲವೆಡೆ ಈಗಲೂ ಇದೆ. ಡ್ರಾಯಿಂಗ್ ಶೀಟಿನ ಮೇಲೆ ಅಂಟಿಸಿದ ಕತೆ, ಕವನ, ವ್ಯಂಗ್ಯಚಿತ್ರ, ಚೆಂದದ ಅಕ್ಷರದವರು ಬರೆದ ಶೀರ್ಷಿಕೆ. ಅದನ್ನು ಬಹುಮಾಧ್ಯಮ ಎಂದು ಯಾರೂ ಕರೆಯಲಿಲ್ಲ. ತನ್ನ ಬರಹದ ಎದುರು ಸಹಪಾಠಿಯೊಬ್ಬ ನಿಂತು ಓದುವುದನ್ನು ಕಂಬದ ಮರೆಯಿಂದ ನೋಡಿದ ಹುಡುಗನಿಗೆ ಓದುಗ ಎಂದರೆ ಯಾರು ಎಂದು ತಿಳಿಯುತ್ತಿತ್ತು. ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿಗಳ ಪುಸ್ತಕಗಳನ್ನು ತಿರುವಿದವರಿಗೂ, ಚಿತ್ರವೂ ಬರಹವೂ ಒಂದು ಇನ್ನೊಂದಕ್ಕೆ ಹೇಗೆ ಒದಗಬಲ್ಲವು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಒಳ್ಳೆಯದಾದರೆ ಎಲ್ಲ ಶಾಲೆಗಳೂ ಯಾಕೆ ಮಾಡಬಾರದು, ಸರ್ಕಾರವೇ ಆದೇಶ ಹೊರಡಿಸಬಾರದೇಕೆ? ಅಮೆರಿಕದ ಎರಡು ರಾಜ್ಯಗಳು ಅದನ್ನೂ ಮಾಡಿ ನೋಡಿದವು.

ವರ್ಮಾಂಟ್ ಪುಟ್ಟ ರಾಜ್ಯ. 1990ರ ದಶಕದ ಆರಂಭದಲ್ಲಿ ನಾಲ್ಕು ಮತ್ತು ಎಂಟನೇ ತರಗತಿಯ ಮಕ್ಕಳಿಗೆ ಬರವಣಿಗೆ ಹಾಗೂ ಗಣಿತದಲ್ಲಿ ರಾಜ್ಯಮಟ್ಟದ ಪೋರ್ಟ್‌ಫೋಲಿಯೊ ಮೌಲ್ಯಮಾಪನ ತಂದಿತು. ಮಗು ತನ್ನ ಅತ್ಯುತ್ತಮ ಬರಹವನ್ನು ತಾನೇ ಆರಿಸಿ, ಯಾಕೆ ಆರಿಸಿದೆ ಎಂದು ಒಂದು ಪತ್ರ ಬರೆಯಬೇಕಿತ್ತು. ಶಿಕ್ಷಕರು ಖುಷಿಪಟ್ಟರು, ತರಗತಿಗಳಲ್ಲಿ ಬರೆಯುವುದು ಹೆಚ್ಚಿತು. ರ‍್ಯಾಂಡ್ ಸಂಸ್ಥೆಯ ಸಂಶೋಧಕರು ಅಂಕಗಳನ್ನು ಪರಿಶೀಲಿಸಿದಾಗ ಮಾತ್ರ ಪೇಚಿಗಿಟ್ಟುಕೊಂಡಿತು. ಒಂದೇ ಕಡತಕ್ಕೆ ಇಬ್ಬರು ಶಿಕ್ಷಕರು ಕೊಟ್ಟ ಅಂಕ ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಶಾಲೆ ಶಾಲೆಯನ್ನು ಹೋಲಿಸಲು ಆ ಅಂಕ ಯೋಗ್ಯವಲ್ಲ ಎಂದು ಅವರು ಹೇಳಬೇಕಾಯಿತು.

ಕೆಂಟಕಿಯ ಕಥೆ ಇನ್ನೂ ಕಟು. 1990ರ ಶಿಕ್ಷಣ ಸುಧಾರಣಾ ಕಾಯ್ದೆಯ ನಂತರ ಅಲ್ಲಿ ಬರವಣಿಗೆಯ ಕಡತವನ್ನು ಶಾಲೆಗಳ ಸಾಧನೆ ಅಳೆಯುವ ಲೆಕ್ಕಕ್ಕೇ ಸೇರಿಸಿದರು. ಅಂಕ ಏರಿದ ಶಾಲೆಗೆ ಬಹುಮಾನ, ಇಳಿದ ಶಾಲೆಗೆ ಕ್ರಮ. ಕಡತ ಆ ಕ್ಷಣದಿಂದಲೇ ಬದಲಾಯಿತು. ಅದೇ ಬರಹವನ್ನು ಮಕ್ಕಳಿಂದ ಮತ್ತೆ ಮತ್ತೆ ತಿದ್ದಿಸುವುದು, ಮೇಷ್ಟರೇ ಅತಿಯಾಗಿ ನೆರವಾಗುತ್ತಾರೆಂಬ ಗುಮಾನಿ, ಪಾಠದ ಹೊತ್ತೆಲ್ಲ ಕಡತ ತುಂಬುವುದಕ್ಕೇ ಹೋಗುತ್ತದೆಂಬ ದೂರು. ಸುಮಾರು ಎರಡು ದಶಕದ ನಂತರ, 2009ರಲ್ಲಿ ಶಾಸನಸಭೆ ಅದನ್ನು ಆ ಲೆಕ್ಕದಿಂದ ಕೈಬಿಟ್ಟಿತು. ಎಲ್ಬೊ ಅವರ ತರಗತಿಯಲ್ಲಿ ಮೇಷ್ಟರನ್ನು ಕೋಚ್ ಆಗಿಸಿದ ಸಾಧನವೇ ಕೆಂಟಕಿಯಲ್ಲಿ ಅವರನ್ನು ಗುಮಾಸ್ತರನ್ನಾಗಿ ಮಾಡಿತು.

ಗುಮಾಸ್ತಿಕೆ ಎಂದರೆ ಏನೆಂದು ಕರ್ನಾಟಕದ ಶಿಕ್ಷಕರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ಕಡ್ಡಾಯ ಮಾಡಿದ ಮೇಲೆ ರಾಜ್ಯದ ಶಾಲೆಗಳಿಗೆ ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು ಬಂದವು. ಶಿಕ್ಷಕರ ಬಾಯಲ್ಲಿ ಎಫ್‌ಎ, ಎಸ್‌ಎ. ಪ್ರತಿ ಮಗುವಿಗೊಂದು ಕೃತಿಸಂಪುಟವೂ ಬಂತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಸಮಗ್ರ ಪ್ರಗತಿ ಪತ್ರದಲ್ಲೂ ಪೋರ್ಟ್‌ಫೋಲಿಯೊ, ಮಗುವಿನ ಸ್ವಂತ ಮೌಲ್ಯಮಾಪನ, ಸಹಪಾಠಿಗಳ ಮೌಲ್ಯಮಾಪನಗಳಿಗೆ ಜಾಗವಿದೆ. ಅಂದರೆ ಕಾಗದದ ಮೇಲೆ ಕೊರತೆ ಏನೂ ಇಲ್ಲ.

ಕಡತದ ಒಳಗಿರುವುದನ್ನು ನೋಡಿದರೆ ಬೇರೆ ಮಾತು. ಎಷ್ಟೋ ಶಾಲೆಗಳಲ್ಲಿ ಕೃತಿಸಂಪುಟ ಎಂದರೆ ಅಧಿಕಾರಿಗಳು ಭೇಟಿಗೆ ಬಂದಾಗ ತೋರಿಸುವ ಫೈಲು. ಅಂಗಡಿಯಲ್ಲಿ ಕೊಂಡ ಹಣ್ಣು ತರಕಾರಿಗಳ ಚಾರ್ಟಿನಿಂದ ಕತ್ತರಿಸಿ ಅಂಟಿಸಿದ ಚಿತ್ರಗಳು, ಸ್ಕೆಚ್ ಪೆನ್ನಿನ ಅಂಚು, ಕರಿಹಲಗೆಯಿಂದ ಇಡೀ ತರಗತಿ ಒಂದೇ ರೀತಿ ನಕಲು ಮಾಡಿಕೊಂಡ ಪ್ರಬಂಧ. ತಿದ್ದಿದ ಕರಡು ಹುಡುಕಿದರೂ ಸಿಗದು. ಗೀಚಿದ ಹಾಳೆ ಅಧಿಕಾರಿಗಳ ಕಣ್ಣಿಗೆ ಬಿದ್ದರೆ ಶಾಲೆಯ ಮರ್ಯಾದೆ ಏನಾದೀತು? ದೊಡ್ಡ ತರಗತಿಗಳಲ್ಲಿ ಪ್ರಾಜೆಕ್ಟಿನ ಗತಿಯೂ ಇದೇ. ಜೆರಾಕ್ಸ್ ಅಂಗಡಿಗೆ ಹೋಗಿ ವಿಷಯ ಹೇಳಿದರೆ ಬಣ್ಣದ ಪ್ರಿಂಟು, ಸ್ಪೈರಲ್ ಬೈಂಡಿಂಗ್ ಸಮೇತ ಅರ್ಧ ಗಂಟೆಯಲ್ಲಿ ಸಿದ್ಧ. ಈಗ ಆ ಅಂಗಡಿಗೂ ಹೋಗಬೇಕಿಲ್ಲ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ, ಕೆರೆಯ ಉಪಯೋಗಗಳ ಬಗ್ಗೆ ಐದು ಪ್ಯಾರಾ ಬೇಕೆಂದರೆ ಫೋನೇ ಬರೆದು ಕೊಡುತ್ತದೆ, ಅದೂ ಕಾಗುಣಿತ ತಪ್ಪಿಲ್ಲದೆ. ಅದಕ್ಕೆ ನೀರುಗಂಟಿ ತಾತನ ಮನೆಗೆ ಹೋಗಿ ಬರಲು ಆಗದು ಎನ್ನುವುದಷ್ಟೇ ಸಮಾಧಾನ.

ಶಿಕ್ಷಕರನ್ನು ದೂರಿ ಪ್ರಯೋಜನವಿಲ್ಲ. ಅರವತ್ತು ಮಕ್ಕಳ ತರಗತಿಯಲ್ಲಿ ಪ್ರತಿಯೊಬ್ಬರ ಎರಡೆರಡು ಕರಡು ಓದುವುದೆಂದರೆ ನೂರಿಪ್ಪತ್ತು ಬರಹ, ಜೊತೆಗೆ ಅರವತ್ತು ಟಿಪ್ಪಣಿ. ಆನ್‌ಲೈನ್‌ಗೆ ಏರಿಸಬೇಕಾದ ಮಾಹಿತಿ ಬೇರೆ. ಆದ್ದರಿಂದ ಎಲ್ಲ ಪಾಠಕ್ಕೂ ಪ್ರಾಜೆಕ್ಟು ಎಂಬ ಹಟ ಬಿಟ್ಟು, ವರ್ಷಕ್ಕೆ ಎರಡೇ ಬರಹ ಆರಿಸಿಕೊಂಡು ಅವನ್ನು ಚೆನ್ನಾಗಿ ತಿದ್ದಿಸುವುದು ಮೇಲು. ಮೊದಲ ಕರಡನ್ನು ಮಕ್ಕಳೇ ಒಬ್ಬರದನ್ನೊಬ್ಬರು ಓದಲಿ. 'ಇಲ್ಲಿ ನನಗೆ ಅರ್ಥವಾಗಲಿಲ್ಲ' ಎಂದು ಪಕ್ಕದ ಬೆಂಚಿನ ಗೆಳೆಯ ಹೇಳಿದರೆ ಸಾಕು. ಎಲ್ಬೊ ಅವರ ಉಪಾಯವನ್ನೂ ಎರವಲು ಪಡೆಯಬಹುದು: 'ಎ' ವಿಭಾಗದ ಕಡತಗಳನ್ನು 'ಬಿ' ವಿಭಾಗದ ಮೇಷ್ಟರು ಓದಲಿ. ಖರ್ಚು ಒಂದು ಕಪ್ ಚಹಾ. ಎಸ್ಸೆಸ್ಸೆಲ್ಸಿ ಪ್ರಥಮ ಭಾಷೆಗೆ ನಡೆದುಬಂದ 125 ಅಂಕಗಳ ಪದ್ಧತಿಯಲ್ಲಿ 25 ಅಂಕ ಶಾಲೆಯ ಆಂತರಿಕ ಮೌಲ್ಯಮಾಪನದ್ದು. ಅದನ್ನು ಕಣ್ಣುಮುಚ್ಚಿ ಪೂರ್ತಿ ಹಾಕುವ ಬದಲು ಇಂಥ ಒಂದು ಕೆಲಸಕ್ಕೆ ಬಳಸಿದ್ದರೆ ಯಾವ ನಿಯಮವೂ ಅಡ್ಡಬರುತ್ತಿರಲಿಲ್ಲ.

ಮನೆಯವರಿಗೂ ಒಂದು ಕೆಲಸವಿದೆ. ಏಪ್ರಿಲ್‌ನಲ್ಲಿ ಮಗು ಶಾಲೆಯಿಂದ ಫೈಲು ತಂದಾಗ, ರದ್ದಿಯವನಿಗೆ ಹಾಕುವ ಮುನ್ನ ಐದು ನಿಮಿಷ ತೆರೆದು ನೋಡಿ. ಬಣ್ಣದ ಅಂಚು, ಅಂಟಿಸಿದ ಚಿತ್ರಗಳನ್ನು ದಾಟಿ ಒಳಗೆ ಹೋಗಿ. ಒಂದೇ ಬರಹದ ಎರಡು ಕರಡು ಕಂಡರೆ, ಅವುಗಳ ನಡುವೆ ಏನು ಬದಲಾಯಿತು ಎಂದು ಮಗುವನ್ನು ಕೇಳಿ. ಆಮೇಲೆ ಆ ಶಿಕ್ಷಕರಿಗೆ ಫೋನ್ ಮಾಡಿ, ನೋಡಿದೆವು ಎಂದು ಹೇಳಿ.